ಎರಡೂ ಕಡೆಯ ತಿರುಳು: ಆಂಫಿಕೇರಿಯಾನ್ ಎಂಬ ಪದದ ಕುರಿತು

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಅಡಿಕೆ ಬೆಳೆಗಾರರು ಕೂಡಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬೆಳೆಗಾರರೊಬ್ಬರು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಮಾನ್ಯ ಸಭಿಕರೇ,

ಇಂದು ನಾನು ಮಾತಿಗೆ ಆರಿಸಿಕೊಂಡಿರುವುದು ಕೋಶವಿಜ್ಞಾನದ ಒಂದೇ ಒಂದು ಪದವನ್ನು. ಆ ಪದ ‘ಆಂಫಿಕೇರಿಯಾನ್’. ಪಿಯುಸಿ ಪಠ್ಯದಲ್ಲಾಗಲಿ ಪದವಿಯ ಪಠ್ಯದಲ್ಲಾಗಲಿ ಅದು ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ದೊಡ್ಡ ನಿಘಂಟುಗಳಲ್ಲಿ ಒಂದೇ ಸಾಲಿನ ಅರ್ಥದೊಂದಿಗೆ ಉಳಿದುಕೊಂಡಿದೆ. ವಂಶವಾಹಿಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳ (ಕ್ರೋಮೋಸೋಮ್‌ಗಳ) ಎರಡು ಏಕಗುಣಿತ ಗಣಗಳನ್ನು (ಎರಡು ಪೂರ್ತಿ ಗುಂಪುಗಳನ್ನು) ಹೊಂದಿರುವ ಕೋಶಕೇಂದ್ರ, ಅಂದರೆ ನಾವು ದಿನವೂ ಪಾಠದಲ್ಲಿ ದ್ವಿಗುಣಿತ ಕೋಶಕೇಂದ್ರ ಎನ್ನುತ್ತೇವಲ್ಲ, ಅದೇ ಆಂಫಿಕೇರಿಯಾನ್. ಒಂದೇ ಗಣವುಳ್ಳ ಕೋಶಕೇಂದ್ರಕ್ಕೆ ಹೆಮಿಕೇರಿಯಾನ್ ಎಂಬ ಹೆಸರಿದೆ.

ಹಾಗಿದ್ದರೆ ಈ ಅಪರೂಪದ ಪದದ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ‘ದ್ವಿಗುಣಿತ’ ಎಂಬುದು ಲೆಕ್ಕದ ಪದ. ಒಳಗೆ ಎಷ್ಟಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಗ್ರೀಕ್ ಭಾಷೆಯ ‘ಆಂಫಿ’ ಎಂದರೆ ಎರಡೂ ಕಡೆ. ಮದುವೆ ಮಾತುಕತೆಯಲ್ಲಿ ನಾವು ‘ಎರಡೂ ಕಡೆಯವರು ಒಪ್ಪಿದ್ದಾರೆ’ ಎನ್ನುವಾಗ ಯಾವ ಅರ್ಥವಿದೆಯೋ ಆ ಅರ್ಥ ಇದರಲ್ಲಿದೆ. ಒಳಗಿರುವ ಎರಡು ಗಣಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಯನ್ನು ಈ ಪದ ತನ್ನ ಮೈಯಲ್ಲೇ ಇಟ್ಟುಕೊಂಡಿದೆ. ಎಷ್ಟು ಎಂಬುದಕ್ಕಿಂತ ಎಲ್ಲಿಂದ ಎಂಬುದು ಜೀವಕೋಶಕ್ಕೆ ಎಷ್ಟೋ ಕಡೆ ಹೆಚ್ಚು ಮುಖ್ಯ ಎನ್ನುವುದನ್ನು ನಮ್ಮ ಮಲೆನಾಡಿನ ಧರೆ (ಕಡಿದಾದ ಮಣ್ಣಿನ ದಿಬ್ಬ), ತೋಟ, ಕಾಡುಗಳಲ್ಲಿ ಕಾಣುವ ಜೀವಿಗಳ ಮೂಲಕ ತೋರಿಸಬೇಕೆಂದು ನನ್ನ ಆಸೆ.

ಪದದ ಉತ್ತರಾರ್ಧವನ್ನೂ ನೋಡೋಣ. ‘ಕಾರ್ಯೋನ್’ ಎಂದರೆ ಗ್ರೀಕ್‌ನಲ್ಲಿ ಗಟ್ಟಿ ಸಿಪ್ಪೆಯೊಳಗಿನ ಬೀಜ, ಕಾಯಿಯ ತಿರುಳು. ಲ್ಯಾಟಿನ್‌ನ ನ್ಯೂಕ್ಲಿಯಸ್ ಎಂಬುದಕ್ಕೂ ಅದೇ ಮೂಲಾರ್ಥ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಕೋಶಗಳನ್ನು ನೋಡುತ್ತ, ಪ್ರತಿಯೊಂದರಲ್ಲೂ ಕಾಣುವ ಮಬ್ಬಾದ ಗುಂಡನೆಯ ಭಾಗಕ್ಕೆ ಆ ಹೆಸರನ್ನು ಬಳಸಿದರು. ನಮ್ಮ ಮರಗಳ ಮೇಲೆ ಮಳೆಗಾಲದ ಮೊದಲಲ್ಲಿ ಹೂಬಿಡುವ ಸೀತಾಳೆ ದಂಡೆಯೂ ಆರ್ಕಿಡ್ ಕುಟುಂಬದ್ದೇ. ಅಡಿಕೆಯನ್ನೇ ನೆಚ್ಚಿ ಬದುಕುವ ನಾಡಿನವರಾದ ನಮಗೆ ಕೋಶಕೇಂದ್ರವನ್ನು ಕಾಯಿಯೊಳಗಿನ ಬೀಜವೆಂದು ಕಲ್ಪಿಸಿಕೊಳ್ಳುವುದು ಕಷ್ಟವಾಗಬಾರದು. ಈ ಹೋಲಿಕೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಏಕಗುಣಿತ, ದ್ವಿಗುಣಿತ ಎಂಬ ಎಣಿಕೆಯ ಪದಗಳನ್ನು 1905ರಲ್ಲಿ ಕೊಟ್ಟವರು ಸಸ್ಯವಿಜ್ಞಾನಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್. ಅದೇ ಕಾಲದಲ್ಲಿ ಥಿಯೋಡೋರ್ ಬೊವೇರಿ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಮೊಟ್ಟೆಗಳನ್ನು ನೀರಿನಲ್ಲಿ ಜೋರಾಗಿ ಕುಲುಕಿದರೆ ಅವು ತುಂಡಾಗುತ್ತವೆ. ಕೆಲವು ತುಂಡುಗಳಲ್ಲಿ ತಾಯಿಯ ಕೋಶಕೇಂದ್ರವೇ ಇರುವುದಿಲ್ಲ. ಅಂಥ ತುಂಡಿಗೆ ವೀರ್ಯಾಣು ಸೇರಿದರೂ ಅದು ವಿಭಜಿಸಿ ಮರಿಹುಳುವಾಗುತ್ತದೆ. ಅದರ ಪ್ರತಿ ಕೋಶದಲ್ಲಿಯೂ ತಂದೆಯ ಕಡೆಯ ಗಣ ಮಾತ್ರ. ಇಂತಹ ಮರಿಗಳ ಕೋಶಕೇಂದ್ರಗಳನ್ನು ಸಾಮಾನ್ಯ ಮರಿಗಳವುಗಳೊಂದಿಗೆ ಅಳೆದು ನೋಡಿದಾಗ, ಕೋಶಕೇಂದ್ರದ ಮೇಲ್ಮೈ ವಿಸ್ತೀರ್ಣ ವರ್ಣತಂತುಗಳ ಸಂಖ್ಯೆಗೆ ಅನುಗುಣವಾಗಿರುವುದು ಬೊವೇರಿಯವರಿಗೆ ಕಂಡುಬಂತು. ಹೆಮಿ ಮತ್ತು ಆಂಫಿ ಎಂಬ ಭೇದಕ್ಕೆ ಅರ್ಥ ಬರುವುದು ಈ ಬಗೆಯ ಪ್ರಯೋಗಗಳ ನಡುವೆ. ಅಲ್ಲಿ ಪ್ರಯೋಗಕಾರನಿಗೆ ಯಾವ ಗಣ ಯಾರದು ಎಂಬುದು ಗೊತ್ತಿರುತ್ತದೆ.

ಸಭೆ ಆರಂಭವಾಗುವ ಮೊದಲು ಬಾಗಿಲ ಬಳಿಯ ಸೂಕ್ಷ್ಮದರ್ಶಕದಲ್ಲಿ ನಿಮ್ಮಲ್ಲಿ ಬಹಳ ಮಂದಿ ಈರುಳ್ಳಿಯ ಬೇರಿನ ತುದಿಯನ್ನು ನೋಡಿದ್ದೀರಿ. ಲೋಟದ ನೀರಿನ ಮೇಲೆ ಗಡ್ಡೆಯ ಬುಡ ತಾಗುವಂತೆ ಇಟ್ಟು, ಮೂರನೆಯ ದಿನ ಬೆಳಿಗ್ಗೆ ಬಿಳಿಯ ಬೇರುಗಳ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ತಯಾರಿಸಿದ ಮಾದರಿ ಅದು. ಕೆಂಪುಗುಲಾಬಿ ಬಣ್ಣದ ಎಳೆಗಳು ಕೆಲವು ಕೋಶಗಳಲ್ಲಿ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಎಣಿಸಿದರೆ 16. ಎಂಟು ತಾಯಿಗಿಡದಿಂದ ಬಂದವು, ಎಂಟು ಪರಾಗ ಕೊಟ್ಟ ಗಿಡದಿಂದ ಬಂದವು. ಆದರೆ ಯಾವ ಎಂಟು ಯಾವ ಕಡೆಯವು ಎಂದು ಎಷ್ಟು ಹೊತ್ತು ನೋಡಿದರೂ ಕಣ್ಣಿಗೆ ತಿಳಿಯುವುದಿಲ್ಲ. ಆಂಫಿಕೇರಿಯಾನ್ ರೂಪುಗೊಂಡ ಮೇಲೆ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕುಳಿತುಬಿಡುತ್ತಾರೆ.

ಅವರು ಹಾಗೆ ಕೂಡುವ ಗಳಿಗೆಯನ್ನು ಕಾಣಬೇಕಾದರೆ ಮನೆಯ ಹಿಂದಿನ ಧರೆಗೆ ಹೋಗಬೇಕು. ಜುಲೈ ತಿಂಗಳಲ್ಲಿ, ಮಳೆ ಹಿಡಿದು ನಾಲ್ಕಾರು ವಾರವಾದ ಮೇಲೆ, ಒದ್ದೆ ಮಣ್ಣಿನ ಮೇಲೆ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ತೊಗಟೆಯಂಥ ಚೂರುಗಳು ಅಂಟಿಕೊಂಡಿರುತ್ತವೆ. ಹಾವಸೆ ಎಂದು ತಿಳಿದು ನಾವು ದಾಟಿ ಹೋಗುತ್ತೇವೆ. ಒಂದನ್ನು ಮಣ್ಣುಸಹಿತ ಎಬ್ಬಿಸಿ, ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿದರೆ ಅಡಿಯಲ್ಲಿ ಕೂದಲಿನಂಥ ಎಳೆಗಳೂ, ಹೃದಯದ ಮೇಲಿನ ಕುಳಿಯ ಹತ್ತಿರ ಒಂದಿಷ್ಟು ದಪ್ಪನಾದ ಭಾಗವೂ ಕಾಣುತ್ತವೆ. ಇದು ಜರಿಗಿಡದ ಬದುಕಿನ ಅರ್ಧಭಾಗ. ಎಲೆಯ ಹಿಂಬದಿಯ ಕಂದು ಚುಕ್ಕೆಗಳಿಂದ ಉದುರಿದ, ಧೂಳಿನಂಥ ಬೀಜಕ (ಸ್ಪೋರ್) ಮೊಳೆತು ಹೀಗಾಗಿದೆ. ಇದರ ಪ್ರತಿಯೊಂದು ಕೋಶಕೇಂದ್ರವೂ ಹೆಮಿಕೇರಿಯಾನ್. ಇದು ಬೇರೂರಿ, ಹಸಿರಾಗಿ, ತನ್ನ ಆಹಾರ ತಾನೇ ತಯಾರಿಸಿಕೊಂಡು ಸ್ವತಂತ್ರವಾಗಿ ಬಾಳುತ್ತದೆ. ಅಡಿಯ ದಪ್ಪ ಭಾಗದಲ್ಲಿ ಅಂಡಾಣು ಕಾದಿರುತ್ತದೆ. ಬಾಲವುಳ್ಳ ವೀರ್ಯಾಣು ಮಣ್ಣಿಗೂ ಗಿಡಕ್ಕೂ ನಡುವೆ ನಿಂತ ತೆಳುವಾದ ನೀರಿನ ಪೊರೆಯಲ್ಲಿ ಈಜಿ ಅಲ್ಲಿಗೆ ತಲುಪಬೇಕು. ಆ ನೀರಿಲ್ಲದಿದ್ದರೆ ಎರಡೂ ಕಡೆ ಸೇರುವುದಿಲ್ಲ. ಸೇರಿದ ಮೇಲೆ ಮಾತ್ರ ಮೊದಲ ಆಂಫಿಕೇರಿಯಾನ್ ಹುಟ್ಟಿ, ಅದರಿಂದ ನಾವು ಜರಿಗಿಡವೆಂದು ಗುರುತಿಸುವ, ಸುರುಳಿ ಬಿಚ್ಚುವ ಎಲೆಗಳ ಗಿಡ ಏಳುತ್ತದೆ. ಆಗುಂಬೆ ಘಾಟಿಯ ಬಂಡೆಗಳ ಮೇಲೆ ತೂಗುವ ಜರಿಗಿಡಗಳಿಗೂ ಇದೇ ಕ್ರಮ. ಮಲೆನಾಡಿನ ಮಳೆಗೂ ಈ ಗಿಡಗಳ ಸಮೃದ್ಧಿಗೂ ಇರುವ ನಂಟಿನಲ್ಲಿ ಈ ಒಂದು ಹನಿ ನೀರಿನ ಪಾಲು ದೊಡ್ಡದು.

ಹಾವಸೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಹಸಿರು ಹಾಸೆಲ್ಲ ಹೆಮಿಕೇರಿಯಾನ್. ಅದರ ಮೇಲೆ ಎದ್ದು ನಿಲ್ಲುವ ಕಡ್ಡಿ ಮತ್ತು ಕಡ್ಡಿಯ ತುದಿಯ ಪುಟ್ಟ ಗಿಂಡಿ ಮಾತ್ರ ಆಂಫಿಕೇರಿಯಾನ್.

ಅಣಬೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಗುಡುಗು ಮಳೆಯ ಮರುದಿನ ನಾವು ಕಿತ್ತು ತರುವ ಅಣಬೆಯ ಎಳೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ಕೋಶದೊಳಗೆ ಎರಡೆರಡು ಕೋಶಕೇಂದ್ರಗಳಿರುತ್ತವೆ, ಒಂದು ಒಂದು ಕಡೆಯದು, ಇನ್ನೊಂದು ಇನ್ನೊಂದು ಕಡೆಯದು. ಎರಡೂ ಕಡೆಯವರು ಒಂದೇ ಮನೆಗೆ ಬಂದಿದ್ದಾರೆ. ಆದರೆ ಬೇರೆ ಬೇರೆ ಕೋಣೆಗಳಲ್ಲಿದ್ದಾರೆ. ಕೋಶ ವಿಭಜಿಸುವಾಗ ಎರಡೂ ಒಟ್ಟಿಗೇ ವಿಭಜಿಸಿ, ಹೊಸ ಕೋಶಕ್ಕೂ ಒಂದೊಂದು ಸಿಗುವಂತೆ ವ್ಯವಸ್ಥೆ ಮಾಡಿಕೊಳ್ಳುತ್ತವೆ. ಲೆಕ್ಕದ ದೃಷ್ಟಿಯಿಂದ ಆ ಕೋಶದಲ್ಲಿ ಎರಡು ಗಣಗಳಿವೆ, ಆದರೂ ಅಲ್ಲಿ ಆಂಫಿಕೇರಿಯಾನ್ ಇಲ್ಲ. ಇದಕ್ಕೆ ಡೈಕೇರಿಯಾನ್ ಎಂಬ ಬೇರೆಯ ಪದವೇ ಬೇಕಾಯಿತು. ಕೊಡೆಯ ಅಡಿಯ ಪದರಗಳ ಅಂಚಿನಲ್ಲಿರುವ ಕೋಶಗಳಲ್ಲಿ ಕಟ್ಟಕಡೆಗೆ ಎರಡೂ ಕೂಡಿ ಒಂದಾಗುತ್ತವೆ. ಆದ ಕೂಡಲೇ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ಆರಂಭವಾಗಿ, ನಾಲ್ಕು ಬೀಜಕಗಳು ಹೊರಬೀಳುತ್ತವೆ. ಅಣಬೆಯ ಇಡೀ ಆಯುಷ್ಯದಲ್ಲಿ ಆಂಫಿಕೇರಿಯಾನ್ ಎಂಬುದು ಅಷ್ಟೇ ಹೊತ್ತಿನ ಅತಿಥಿ.

ಈಗ ನಿಮ್ಮ ತೋಟದ ಶತ್ರುವಿನ ಬಳಿಗೆ ಬರುತ್ತೇನೆ. ಕೊಳೆರೋಗ ತಗಲಿದ ಅಡಿಕೆ ಕಾಯಿಯ ಮೇಲೆ ಹತ್ತಿಯಂತೆ ಹಬ್ಬುವ ಬಿಳಿಯ ಎಳೆಗಳನ್ನು ನಾವು ಶಿಲೀಂಧ್ರ ಎಂದೇ ಕರೆಯುತ್ತ ಬಂದಿದ್ದೇವೆ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ ಕೆನಡಾದ ಲೆಸ್ಲಿ ಕೋಲ್ಮನ್ ಅದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು ಗುರುತಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಯ ಗೊನೆಗೆ ಹೊಡೆಯುವ ಕ್ರಮ ಇಲ್ಲಿ ನೆಲೆಗೊಂಡಿದ್ದು ಆ ಕೆಲಸದ ಫಲ. ಅಲ್ಲಿಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಆ ಎಳೆಯೊಳಗಿನ ಕೋಶಕೇಂದ್ರಗಳು ಎಂಥವು ಎಂಬ ಪ್ರಶ್ನೆ ಮಾತ್ರ ಮುಂದೆ ಅರ್ಧ ಶತಮಾನ ಸರಿಯಾಗಿ ಇತ್ಯರ್ಥವಾಗಲಿಲ್ಲ. ಬಹುತೇಕ ಶಿಲೀಂಧ್ರಗಳಂತೆ ಅವೂ ಏಕಗುಣಿತವೆಂದು ಎಲ್ಲರೂ ತಿಳಿದಿದ್ದರು. 1960ರ ದಶಕದಲ್ಲಿ ಈವಾ ಸ್ಯಾನ್ಸಮ್ ಎಂಬ ಕೋಶವಿಜ್ಞಾನಿ ಈ ಗುಂಪಿನ ಜೀವಿಗಳಲ್ಲಿ ಮಿಯಾಸಿಸ್ ನಡೆಯುವುದು ಲಿಂಗಾಣುಗಳು ತಯಾರಾಗುವ ಜಾಗದಲ್ಲಿ ಎಂದು ತೋರಿಸಿದರು. ಹಾಗಾದರೆ ಅದಕ್ಕೆ ಮೊದಲಿನ ಎಳೆಗಳೆಲ್ಲ ದ್ವಿಗುಣಿತವೇ ಆಗಿರಬೇಕು. ಕಾಯಿಯ ಮೇಲಿನ ಆ ಬಿಳಿ ಎಳೆ ಅಡ್ಡಗೋಡೆಗಳಿಲ್ಲದ ಕೊಳವೆ. ಅದರ ತುಂಬ ಆಂಫಿಕೇರಿಯಾನ್‌ಗಳ ಸಾಲು. ಅದರ ಕೋಶಭಿತ್ತಿಯನ್ನು ಗಟ್ಟಿಗೊಳಿಸುವ ನಾರೂ ಅಣಬೆಗಿರುವ ಕೈಟಿನ್ ಅಲ್ಲ, ಗಿಡಗಳಿಗಿರುವ ಸೆಲ್ಯುಲೋಸ್. ಮಳೆನೀರಿನಲ್ಲಿ ಈಜುವ ಅದರ ಬೀಜಕಗಳಿಗೆ ಎರಡು ಬಾಲಗಳಿವೆ. ಇಂದು ವರ್ಗೀಕರಣದಲ್ಲಿ ಅದಕ್ಕೆ ಅಣಬೆಗಳ ಜೊತೆ ಜಾಗವಿಲ್ಲ, ಕಂದು ಬಣ್ಣದ ಕಡಲಪಾಚಿಗಳ ನೆರೆಯಲ್ಲಿದೆ. ನಿಜವಾದ ಶಿಲೀಂಧ್ರಗಳ ಕೈಟಿನ್ ಅಥವಾ ಕೋಶಪೊರೆಗೆ ಬೇಕಾದ ಸ್ಟೆರಾಲ್ ತಯಾರಿಕೆಯನ್ನು ತಡೆಯುವ ಔಷಧಿಗಳು ಕೊಳೆರೋಗದ ಮೇಲೆ ಅಷ್ಟಾಗಿ ನಡೆಯದಿರುವುದಕ್ಕೆ ಕಾರಣ ಈ ವಂಶಭೇದದಲ್ಲಿದೆ.

ಜೇನಿನ ಮಾತನ್ನು ಬೇಗ ಮುಗಿಸುತ್ತೇನೆ. ಪೆಟ್ಟಿಗೆಯಲ್ಲಿ ತುಡುವೆ ಜೇನು ಸಾಕಿದವರಿಗೆ ಗಂಡುಜೇನು ಗೊತ್ತು. ರಾಣಿ ಫಲಿತಗೊಳಿಸದೆ ಇಟ್ಟ ಮೊಟ್ಟೆಯಿಂದ ಅದು ಹುಟ್ಟುತ್ತದೆ. ಕೆಲಸಗಾರ ಜೇನಿಗೆ 32 ವರ್ಣತಂತುಗಳಾದರೆ ಗಂಡಿಗೆ 16, ಅಂದರೆ ತಾಯಿಯ ಕಡೆಯ ಒಂದೇ ಗಣ. ಅದಕ್ಕೆ ತಂದೆಯಿಲ್ಲ, ತಾಯಿಯ ತಂದೆ ಮಾತ್ರ ಇದ್ದಾನೆ.

ಎಣಿಕೆಯೊಂದನ್ನೇ ನೆಚ್ಚಿದರೆ ಎಲ್ಲೆಲ್ಲಿ ಎಡವುತ್ತೇವೆ ಎಂಬುದಕ್ಕೆ ನಮ್ಮ ಕಾಡಿನಲ್ಲೇ ಒಳ್ಳೆಯ ಸಾಕ್ಷಿಗಳಿವೆ. ಸಂಜೆ ಹೊತ್ತು ನಾಯಿಯಂತೆ ಬೊಗಳುವ ಕಾಡುಕುರಿಯನ್ನು ನೀವು ಕೇಳಿರುತ್ತೀರಿ. ಸಸ್ತನಿಗಳಲ್ಲೇ ಅತಿ ಕಡಿಮೆ ವರ್ಣತಂತುಗಳಿರುವುದು ಈ ಪ್ರಾಣಿಗೆ: ಹೆಣ್ಣಿಗೆ 6, ಗಂಡಿಗೆ 7. ಏಳನ್ನು ಎರಡರಿಂದ ಭಾಗಿಸಲಾಗದು. ಹಾಗಿದ್ದರೂ ಗಂಡಿನ ಕೋಶಕೇಂದ್ರ ಎರಡೂ ಕಡೆಯದೇ. ತಾಯಿಯ ಕಡೆಯಿಂದ 3, ತಂದೆಯ ಕಡೆಯಿಂದ 4. ಲಿಂಗನಿರ್ಧಾರಕ ಎಕ್ಸ್ ವರ್ಣತಂತು ಬೇರೊಂದು ವರ್ಣತಂತುವಿಗೆ ಬೆಸೆದುಕೊಂಡಿರುವುದರಿಂದ ತಂದೆಯ ಪಾಲಿನಲ್ಲಿ ಅದರ ಬದಲು ಎರಡು ತುಂಡುಗಳು ಬರುತ್ತವೆ. ಇನ್ನೊಂದು ತುದಿಯಲ್ಲಿ, ಹುಲ್ಲಿನ ನಡುವೆ ಒಂದೇ ಎಲೆಯೆತ್ತಿ ನಿಲ್ಲುವ ಒಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಪುಟ್ಟ ಜರಿಗಿಡವಿದೆ. ಅದರ ಕೋಶಗಳಲ್ಲಿ 1,260 ವರ್ಣತಂತುಗಳನ್ನು ಕೇರಳದ ಅಬ್ರಹಾಂ ಮತ್ತು ನೈನಾನ್ 1950ರ ದಶಕದಲ್ಲಿ ಎಣಿಸಿದರು. ಹಿಂದಿನ ಯಾವುದೋ ಕಾಲದಲ್ಲಿ ಗಣಗಳು ಮತ್ತೆ ಮತ್ತೆ ಇಮ್ಮಡಿಸಿದ್ದರ ಫಲ ಇದು. ಅದನ್ನು ದ್ವಿಗುಣಿತ ಎನ್ನಲು ಕಷ್ಟ. ಎರಡೂ ಕಡೆಯಿಂದ 630, 630 ಬಂದಿವೆ ಎನ್ನಲು ಯಾವ ಕಷ್ಟವೂ ಇಲ್ಲ.

ಏಲಕ್ಕಿ ಬಾಳೆಯ ಕೋಶದಲ್ಲಿ 22 ವರ್ಣತಂತುಗಳಿವೆ, 11 ಅಕ್ಯುಮಿನೇಟ ಎಂಬ ಕಾಡುಬಾಳೆಯ ಕಡೆಯವು, 11 ಬಾಲ್ಬಿಸಿಯಾನ ಎಂಬ ಇನ್ನೊಂದು ಕಾಡುಬಾಳೆಯ ಕಡೆಯವು. ‘ಎರಡೂ ಕಡೆ’ ಎಂಬ ಮಾತು ಇಲ್ಲಿ ಎರಡು ಬೇರೆ ಬೇರೆ ಜಾತಿಗಳಿಗೆ ಅನ್ವಯಿಸುತ್ತದೆ. ಪಚ್ಚಬಾಳೆಯಲ್ಲಿ 33 ಇವೆ. ಮೂರು ಗಣಗಳು ಜೊತೆಗೂಡಲಾರದೆ ಅದು ಬೀಜ ಕಟ್ಟುವುದಿಲ್ಲ.

ಇನ್ನು ನಮ್ಮ ವಿಷಯ. ಮನುಷ್ಯರ ಅಂಡಾಣುವಿಗೆ ವೀರ್ಯಾಣು ಸೇರಿದ ಮೇಲೆ ಒಂದೇ ಕೋಶದೊಳಗೆ ಎರಡು ಪುಟ್ಟ ಗೋಳಗಳು ಕಾಣಿಸಿಕೊಳ್ಳುತ್ತವೆ, ಒಂದರಲ್ಲಿ ತಾಯಿಯ ಗಣ, ಇನ್ನೊಂದರಲ್ಲಿ ತಂದೆಯ ಗಣ. ಪ್ರನಾಳ ಶಿಶು ಪ್ರಯೋಗಾಲಯದಲ್ಲಿ ಮರುದಿನ ಬೆಳಿಗ್ಗೆ ತಂತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಈ ಎರಡನ್ನೇ. ಒಂದಿದ್ದರೆ ಅಥವಾ ಮೂರಿದ್ದರೆ ಅದನ್ನು ಸಹಜವೆಂದು ಪರಿಗಣಿಸುವುದಿಲ್ಲ. ಅವೆರಡೂ ಹತ್ತಿರ ಬಂದು ಕೂಡಿ ಒಂದಾಗುತ್ತವೆ ಎಂದು ನಾನೂ ವಿದ್ಯಾರ್ಥಿಯಾಗಿದ್ದಾಗ ಚಿತ್ರ ಬರೆದಿದ್ದೇನೆ. 1875ರಲ್ಲಿ ಆಸ್ಕರ್ ಹರ್ಟ್‌ವಿಗ್ ಸೀ ಅರ್ಚಿನ್‌ನಲ್ಲಿ ನೋಡಿದ್ದು ಹಾಗೆಯೇ, ಮತ್ತು ಅಲ್ಲಿ ಅದು ಸರಿ. ಸಸ್ತನಿಗಳಲ್ಲಿ ಮಾತ್ರ ಎರಡು ಗೋಳಗಳೂ ಪಕ್ಕಪಕ್ಕಕ್ಕೆ ಬಂದು ನಿಂತು, ಕೂಡದೆಯೇ ತಮ್ಮ ತಮ್ಮ ಪೊರೆಗಳನ್ನು ಕಳಚಿಕೊಳ್ಳುತ್ತವೆ. ವರ್ಣತಂತುಗಳು ನೇರವಾಗಿ ಮೊದಲ ವಿಭಜನೆಗೆ ಸಾಲುಗಟ್ಟುತ್ತವೆ. ಅಲ್ಲಿಯೂ ಎರಡು ಕಡೆಗಳಿಗೆ ಮೊದಲಿಗೆ ಬೇರೆ ಬೇರೆ ಎಳೆಕದಿರುಗಳಿರುವುದನ್ನು (ವರ್ಣತಂತುಗಳನ್ನು ಎಳೆದು ಹಂಚುವ ಎಳೆಗಳ ಕಟ್ಟುಗಳಿರುವುದನ್ನು) 2018ರಲ್ಲಿ ಇಲಿಯ ಭ್ರೂಣಗಳಲ್ಲಿ ಕಂಡುಕೊಂಡರು. ಎರಡೂ ಕಡೆಯ ಗಣಗಳು ಮೊದಲ ಬಾರಿಗೆ ಒಂದೇ ಪೊರೆಯೊಳಗೆ ಬರುವುದು ಕೋಶ ಒಡೆದು ಎರಡಾದ ಮೇಲೆ. ಹೀಗಾಗಿ ನಮ್ಮ ಬದುಕಿನ ಮೊದಲ ದಿನ ನಮ್ಮಲ್ಲಿ ಆಂಫಿಕೇರಿಯಾನ್ ಇರಲಿಲ್ಲ.

ಒಮ್ಮೆ ಒಂದೇ ಪೊರೆಯೊಳಗೆ ಬಂದ ಮೇಲಾದರೂ ಮೂಲ ಮರೆತುಹೋಗುತ್ತದೆಯೇ? ಇಲ್ಲ. 1984ರಲ್ಲಿ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಸಂಗಡಿಗರೂ, ಅಮೆರಿಕದಲ್ಲಿ ಮ್ಯಾಕ್‌ಗ್ರಾತ್ ಮತ್ತು ಸೋಲ್ಟರ್ ಅವರೂ ಇಲಿಯ ಮೊಟ್ಟೆಯಿಂದ ಒಂದು ಗೋಳವನ್ನು ಹೊರತೆಗೆದು ಬೇರೆಯದನ್ನು ಕೂರಿಸುವ ಪ್ರಯೋಗ ಮಾಡಿದರು. ಎರಡೂ ತಾಯಿಯ ಕಡೆಯವೇ ಆದರೆ ಭ್ರೂಣ ಸ್ವಲ್ಪ ಬೆಳೆದು ನಿಂತುಹೋಯಿತು. ಎರಡೂ ತಂದೆಯ ಕಡೆಯವೇ ಆದರೂ ಮರಿ ಹುಟ್ಟಲಿಲ್ಲ. ಎಣಿಕೆಯಲ್ಲಿ ಎರಡೂ ಸಂಪೂರ್ಣ ದ್ವಿಗುಣಿತ, ಏನೂ ಕೊರತೆಯಿಲ್ಲ. ಕೆಲವು ವಂಶವಾಹಿಗಳ ಮೇಲೆ ತಾಯಿ ಒಂದು ಗುರುತನ್ನೂ ತಂದೆ ಮತ್ತೊಂದು ಗುರುತನ್ನೂ ಹಾಕಿ ಕಳುಹಿಸಿರುತ್ತಾರೆ, ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಮನುಷ್ಯರಲ್ಲಿ ಇದರ ನೋವಿನ ಉದಾಹರಣೆಯಿದೆ. ತಾಯಿಯ ಕೋಶಕೇಂದ್ರ ಕಳೆದುಹೋದ ಅಂಡಾಣುವಿಗೆ ವೀರ್ಯಾಣು ಸೇರಿ, ಅದರ ಗಣವೇ ಇಮ್ಮಡಿಸಿಕೊಂಡರೆ, 46 ವರ್ಣತಂತುಗಳೇನೋ ಆಗುತ್ತವೆ, ಎಲ್ಲವೂ ತಂದೆಯವು. ಗರ್ಭಕೋಶದಲ್ಲಿ ಮಗುವಿನ ಬದಲು ದ್ರಾಕ್ಷಿಗೊಂಚಲಿನಂಥ ನೀರುಗುಳ್ಳೆಗಳು ಬೆಳೆಯುತ್ತವೆ. ಗರ್ಭ ನಿಂತಿದೆ ಎಂದು ನಂಬಿದ್ದ ಹೆಣ್ಣುಮಗಳಿಗೆ ಸ್ಕ್ಯಾನ್ ಮಾಡಿದ ವೈದ್ಯರು ಇದನ್ನು ಹೇಳಬೇಕಾಗುತ್ತದೆ. ಇದು ಅವಳ ತಪ್ಪಿನಿಂದಾಗಲಿ, ಅವಳು ತಿಂದ ಪದಾರ್ಥದಿಂದಾಗಲಿ, ನಡೆದ ದಾರಿಯಿಂದಾಗಲಿ ಆದದ್ದಲ್ಲ. ದ್ವಿಗುಣಿತವಾಗಿದ್ದೂ ಎರಡು ಕಡೆಯದಲ್ಲದ ಕೋಶಕೇಂದ್ರ ಇದು. ಹಳೆಯ ಪದವನ್ನು ಮತ್ತೆ ಎತ್ತಿಕೊಳ್ಳಬೇಕೆಂದು ನನಗೆ ಅನ್ನಿಸಿದ್ದು ಈ ಒಂದು ಸಂಗತಿಗಾಗಿ.

ಗಿಡಗಳು ಈ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಲ್ಲ ಎಂಬುದನ್ನೂ ಹೇಳಬೇಕು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್.ಸಿ. ಮಾಹೇಶ್ವರಿ ಉಮ್ಮತ್ತಿಯ ಜಾತಿಯೊಂದರ ಪರಾಗಕೋಶದಿಂದ ನೇರವಾಗಿ ಏಕಗುಣಿತ ಭ್ರೂಣಗಳನ್ನು ಬೆಳೆಸಿದರು. ಅಂಥ ಗಿಡದ ಗಣವನ್ನು ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ ಇಮ್ಮಡಿಗೊಳಿಸಬಹುದು. ಭತ್ತದ ತಳಿ ಅಭಿವೃದ್ಧಿಯಲ್ಲಿ ಹೀಗೆ ಮಾಡಿದ ಗಿಡಗಳು ಚೆನ್ನಾಗಿಯೇ ತೆನೆ ಕಟ್ಟುತ್ತವೆ. ಒಂದೇ ಕಡೆಯ ಎರಡು ಗಣ ಅವಕ್ಕೆ ಸಾಕು.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ‘ಉಭಯಕೇಂದ್ರ’ ಎಂದರೆ ಎರಡು ಕೇಂದ್ರಗಳೆಂಬ ಅರ್ಥ ಬಂದು ಅಣಬೆಯ ಗೊಂದಲವಾಗುತ್ತದೆ. ‘ಉಭಯಮೂಲ ಕೋಶಕೇಂದ್ರ’ ಎಂದರೆ ಉದ್ದವಾದರೂ ಅರ್ಥ ನಿಲ್ಲುತ್ತದೆ ಎಂದು ನನ್ನ ಭಾವನೆ.

ಉಪನ್ಯಾಸ ಮುಗಿದ ಮೇಲೆ ತೀರ್ಥಹಳ್ಳಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು ಕೇಳಿದರು: “ಮೇಷ್ಟ್ರೇ, ನಾವು ಒಳ್ಳೆ ತಾಯಿಮರ ನೋಡಿ ಬೀಜದ ಅಡಿಕೆ ಆರಿಸ್ತೇವೆ. ಆದ್ರೂ ಸಸಿ ಎಲ್ಲ ಅದೇ ಮರದ ಹಾಗೆ ಬರೋದಿಲ್ಲ. ನೀವು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?”

ಸಂಬಂಧ ಇದೆ, ಅದೂ ಹತ್ತಿರದ ಸಂಬಂಧ. ಅಡಿಕೆಯ ಹೊಂಬಾಳೆಯಲ್ಲಿ ಕವಲುಗಳ ತುದಿಗೆ ಸಣ್ಣ ಗಂಡುಹೂಗಳು, ಬುಡಕ್ಕೆ ದಪ್ಪ ಹೆಣ್ಣುಹೂಗಳು ಇರುತ್ತವೆ. ಗಂಡುಹೂಗಳು ಮೊದಲು ಅರಳಿ ಉದುರಿಹೋಗುತ್ತವೆ. ಹೆಣ್ಣುಹೂಗಳು ಅರಳುವುದು ಆಮೇಲೆ. ಆದ್ದರಿಂದ ಪರಾಗ ಬರುವುದು ಹೆಚ್ಚಾಗಿ ಗಾಳಿಯಲ್ಲಿ, ಬೇರೆ ಮರದಿಂದ. ಸಸಿಯ 32 ವರ್ಣತಂತುಗಳಲ್ಲಿ ನೀವು ಆರಿಸಿದ್ದು 16ನ್ನು ಮಾತ್ರ. ಉಳಿದ 16 ಯಾವ ಮರದ್ದೆಂದು ನೀವು ನೋಡಿಲ್ಲ, ಅದು ನೆರೆಯವರ ತೋಟದ್ದೂ ಆಗಿರಬಹುದು. ತಾಯಿಮರದ ಪಾಲು ಕೂಡ ಪ್ರತಿ ಕಾಯಿಗೂ ಹೊಸದಾಗಿ ಕಲಸಿ ಹಂಚಿದ ಪಾಲು. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ ತಳಿಯೊಂದಿಗೆ ಕೂಡಿಸಿ ಸಂಕರ ತಳಿ ಮಾಡುವಾಗ ಎರಡೂ ಕಡೆಯನ್ನು ಕೈಯಾರೆ ಆರಿಸುತ್ತಾರೆ.

ಅವರು ಜೇಬಿನಿಂದ ಒಂದು ಹಣ್ಣಡಿಕೆ ತೆಗೆದುಕೊಟ್ಟರು. ಮೇಜಿನ ಮೇಲಿಟ್ಟು ಉದ್ದಕ್ಕೆ ಸೀಳಿದೆವು. ಹಳದಿ ಸಿಪ್ಪೆ ಪೂರ್ತಿ ತಾಯಿಮರದ್ದು. ಅದರಲ್ಲಿರುವ 32 ಆ ಮರದ ತಂದೆತಾಯಿಯರಿಂದ ಬಂದವು. ಕಂದು ಬಿಳಿ ಗೆರೆಗಳು ಹೆಣೆದುಕೊಂಡ ಗಟ್ಟಿ ತಿರುಳು, ನಾವು ಮಾರುವ ಅಡಿಕೆ, ಎರಡು ಪಾಲು ತಾಯಿಯದು, ಒಂದು ಪಾಲು ತಂದೆಯದು ಸೇರಿ 48 ವರ್ಣತಂತುಗಳುಳ್ಳದ್ದು, ಮೊಳಕೆಯ ಬುತ್ತಿ. ತಿರುಳಿನ ಬುಡದಲ್ಲಿ, ತೊಟ್ಟಿನ ಕಡೆಗೆ, ಸೂಜಿಮೊನೆಯಿಂದ ಎಬ್ಬಿಸಬಹುದಾದ ಒಂದು ಸಣ್ಣ ಕುಳಿ. ಅದರೊಳಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಬಿಳಿಯ, ಮೆತ್ತನೆಯ ಮೊಳಕೆ. ಹೊಸ ಆಂಫಿಕೇರಿಯಾನ್ ಇದ್ದದ್ದು ಅಲ್ಲಿ.